ಬೆಟ್ಟದ ಮೇಲೆ ಯಾರೂ ಇರಲಿಲ್ಲ

ಕೋರ್ಟಿನ ಹಿಂದಿನ ಬೀದಿಯ ವಸತಿಗೃಹದಿಂದ,
ಶುಕ್ರವಾರ, ಹದಿನೇಳನೇ ತಾರೀಕು, ಸಂಜೆ

ಪ್ರೀತಿಯ ಅಪ್ಪಾ,

ಹೇಗಿದ್ದೀರಿ? ಮಂಡಿನೋವು ಸ್ವಲ್ಪವಾದರೂ ತಗ್ಗಿತೇ? ಡಾಕ್ಟರು ಕೊಟ್ಟ ಮಂಡಿಪಟ್ಟಿಯನ್ನು ಹಾಕಿಕೊಂಡು ನಡೆಯುತ್ತಿದ್ದೀರೋ, ಇಲ್ಲ ಎಂದಿನ ಹಾಗೆ ಕುರ್ಚಿಗೆ ನೇತುಹಾಕಿ ಕುರ್ಚಿಯ ಕಾಲು ಗಟ್ಟಿಮಾಡುತ್ತಿದ್ದೀರೋ? ಕೆಮ್ಮು ಹೇಗಿದೆ? ಕಿವಿಯ ಮಷಿನ್ನಿನ ಬ್ಯಾಟರಿ ಬದಲಾಯಿಸಲು ಅತ್ತಿಗೆಗೆ ಹೇಳಿದ್ದೆ, ಮರೆತಿದ್ದರೆ ನೀವೇ ಒಮ್ಮೆ ನೆನಪು ಮಾಡಿ. ಫೋನು ಮಾಡುವುದು ಬಿಟ್ಟು ಇವಳು ಕಾಗದ ಬರೆಯುತ್ತಾ ಕೂತಿದ್ದಾಳಲ್ಲ ಅಂತ ನಿಮಗೆ ಅನ್ನಿಸುತ್ತಿರಬಹುದು. ಫೋನು ಮಾಡಿದೆ ಅಪ್ಪಾ, ವಾರವೆಲ್ಲ ಮಾಡಿದೆ. ಪ್ರತಿ ಸಲವೂ ಅಣ್ಣನೇ ಎತ್ತಿಕೊಂಡು "ಅಪ್ಪ ಮಲಗಿದ್ದಾರೆ ಕಣೇ" ಅನ್ನುತ್ತಾನೆ. ಬೆಳಿಗ್ಗೆ ಮಾಡಿದರೂ ಮಲಗಿರುತ್ತೀರಿ, ಊಟದ ಹೊತ್ತಿಗೆ ಮಾಡಿದರೂ ಮಲಗಿರುತ್ತೀರಿ. ಬೆಳಕು ಹರಿಯುವ ಮೊದಲೇ ಎದ್ದು, ಪಾತ್ರೆ ಸದ್ದು ಮಾಡಿ ಮನೆಮಂದಿಯನ್ನೆಲ್ಲ ಎಬ್ಬಿಸುತ್ತಿದ್ದ ಮನುಷ್ಯ ಇಷ್ಟೊಂದು ನಿದ್ದೆಯನ್ನು ಎಲ್ಲಿಂದ ತಂದರು ಅಂತ ಮೊದಲೆರಡು ಸಲ ನಗು ಬಂತು. ಆಮೇಲೆ ನಗು ಬರಲಿಲ್ಲ. ಅದಕ್ಕೇ ಈ ಕಾಗದ. ನಾಳೆ ಬೆಳಿಗ್ಗೆ ಅಂಚೆ ಕಚೇರಿ ತೆರೆದ ಕೂಡಲೇ ತ್ವರಿತ ಅಂಚೆಗೆ ಹಾಕುತ್ತೇನೆ. ಸೋಮವಾರಕ್ಕೆ ಮುಂಚೆ ನಿಮ್ಮ ಕೈ ಸೇರಿದರೆ ಸಾಕು.

ಕೇಸಿನ ವಿಷಯವನ್ನು ಇಷ್ಟು ದಿನ ನಿಮಗೆ ಬರೆಯುವ ಹಾಗೇ ಇರಲಿಲ್ಲ. ಸಾಕ್ಷಿಯ ಕಟಕಟೆ ಹತ್ತಿದವರು ತಮ್ಮ ಸರದಿ ಮುಗಿಯುವವರೆಗೆ ಯಾರ ಮುಂದೆಯೂ ತುಟಿ ಬಿಚ್ಚಬಾರದು ಅಂತ ನ್ಯಾಯಾಧೀಶರ ಕಟ್ಟಪ್ಪಣೆ. ನಮ್ಮ ಕಡೆಯ ವಕೀಲೆ ಕೂಡ ಮೆಟ್ಟಿಲ ಮೇಲೆ ಎದುರಾದರೆ ಮುಖ ತಿರುಗಿಸಿಕೊಂಡು ಹೋಗುತ್ತಿದ್ದರು. ಇವತ್ತು ಮಧ್ಯಾಹ್ನ ನನ್ನ ಸರದಿ ಮುಗಿಯಿತು. ಈಗ ಯಾರ ಜೊತೆ ಬೇಕಾದರೂ ಮಾತಾಡಬಹುದು, ಆದರೆ ಮಾತಾಡಬೇಕಾದವರು ನೀವೊಬ್ಬರೇ.

ನಮ್ಮಿಬ್ಬರಂಥ ಇತಿಹಾಸದ ಮೇಷ್ಟ್ರನ್ನು ಜನ ಕರೆಯುವುದು ಎರಡೇ ಕೆಲಸಕ್ಕೆ, ಒಂದು ಕಟ್ಟಡದ ಉದ್ಘಾಟನೆಗೆ, ಇನ್ನೊಂದು ಸತ್ತವರ ಬಗ್ಗೆ ನಾಲ್ಕು ಒಳ್ಳೆಯ ಮಾತಾಡಲಿಕ್ಕೆ ಅಂತ ನೀವು ತಮಾಷೆ ಮಾಡುತ್ತಿದ್ದಿರಿ. ಕೋರ್ಟಿಗೂ ಕರೆಯುತ್ತಾರೆ ನೋಡಿ. ಕಳ್ಳತನ ನೋಡಿದವರ ಹಾಗೆ ಅಲ್ಲ, ತಜ್ಞರು ಅಂತ. ಬೆಟ್ಟದವರು ಹೂಡಿದ ದಾವೆ ಇದು. ಬೆಟ್ಟದ ನೆತ್ತಿಯನ್ನು ಸರ್ಕಾರ ಕಲ್ಲುಗಣಿ ಕಂಪನಿಗೆ ಬರೆದುಕೊಟ್ಟಿದೆ, ಆ ನೆತ್ತಿ ತಮ್ಮದು, ತಲೆತಲಾಂತರದಿಂದ ತಮ್ಮದು ಅಂತ ಅವರು ಹೇಳುತ್ತಾರೆ. ಕಾನೂನು ಕೇಳುವ ಪ್ರಶ್ನೆ ಒಂದೇ. ಸರ್ಕಾರ ಬೆಟ್ಟವನ್ನು ವಶಕ್ಕೆ ತೆಗೆದುಕೊಂಡ ಕಾಲಕ್ಕೆ ಇವರ ಹಿರಿಯರು ಅಲ್ಲಿ ಮನೆಮಾಡಿಕೊಂಡಿದ್ದರೋ ಇಲ್ಲವೋ? ಇದ್ದರೆ ಬೆಟ್ಟ ಅವರದು. ಇರಲಿಲ್ಲ ಅಂದರೆ ಸೋಮವಾರ ತೀರ್ಪು ಬಂದರೆ ಮಂಗಳವಾರವೇ ಬುಲ್ಡೋಜರು ಹತ್ತುತ್ತದೆ. ಹಳೆಯ ನಕ್ಷೆ, ಹಳೆಯ ಪತ್ರ ಏನು ಹೇಳುತ್ತವೆ, ಏನು ಹೇಳುವುದಿಲ್ಲ ಅಂತ ನ್ಯಾಯಾಧೀಶರಿಗೆ ಬಿಡಿಸಿ ಹೇಳುವುದಷ್ಟೇ ನನ್ನ ಕೆಲಸ.

ಮೊದಲ ದಿನ ಚೆನ್ನಾಗಿಯೇ ಹೋಯಿತು. ಕಟಕಟೆಯ ಕಂಬಿಯ ಬಣ್ಣ ಎಲ್ಲರೂ ಹಿಡಿದು ಹಿಡಿದು ಹೋಗಿದೆ, ನಾನೂ ಅಲ್ಲೇ ಹಿಡಿದುಕೊಂಡೆ. ನಕ್ಷೆಗಳಲ್ಲಿ ಹಳ್ಳಗಳಿಗೂ ಬಂಡೆಗಳಿಗೂ ಬೆಟ್ಟದವರ ಮಾತಿನ ಹೆಸರುಗಳಿರುವುದನ್ನು ತೋರಿಸಿದೆ. ಜನ ಇಲ್ಲದ ಕಡೆ ಬಂಡೆಗೆ ಹೆಸರಿಡುವವರು ಯಾರು ಅಂತ ಕೇಳಿದೆ. ಬೆಟ್ಟದ ಮೇಲೆ ಹೊಗೆ ಏಳುತ್ತಿದೆ, ತಡೆಯಿರಿ ಅಂತ ಅರಣ್ಯದ ಅಧಿಕಾರಿಗಳು ಮೇಲಿನವರಿಗೆ ಬರೆದುಕೊಂಡ ದೂರುಗಳನ್ನು ಓದಿದೆ. ನ್ಯಾಯಾಧೀಶರಿಗೆ ನೆಗಡಿ, ಮೂಗು ಒರೆಸಿಕೊಳ್ಳುತ್ತಲೇ ಎಲ್ಲವನ್ನೂ ಬರೆದುಕೊಂಡರು. ಹಿಂದಿನ ಬೆಂಚಿನಲ್ಲಿ ಸಾಲಾಗಿ ಕೂತಿದ್ದ ಬೆಟ್ಟದ ಹೆಂಗಸರು ನನ್ನನ್ನು ನೋಡಿ ತಲೆಯಾಡಿಸಿದರು. ನೀವಿದ್ದಿದ್ದರೆ "ಪರವಾಗಿಲ್ಲ, ನನ್ನ ಚಿಕ್ಕದು ದಡ್ಡಿಯಲ್ಲ" ಅನ್ನುತ್ತಿದ್ದಿರಿ.

ಮರುದಿನ ಕಂಪನಿಯ ವಕೀಲರು ಎದ್ದರು. ಅವರಿಗೆ ನಾನು ಬೆಣ್ಣೆ ವಕೀಲರು ಅಂತ ಹೆಸರಿಟ್ಟಿದ್ದೇನೆ. ಅಷ್ಟು ನಯ, ಅಷ್ಟು ಮೆತ್ತಗೆ. ಕುಡಿಯಲು ನೀರು ಬೇಕೇ ಮೇಡಂ, ಕೂತುಕೊಳ್ಳುತ್ತೀರಾ ಮೇಡಂ ಅಂತ ಉಪಚಾರ ಮಾಡಿ, ಆಮೇಲೆ ಮೇಜಿನ ಕೆಳಗಿನಿಂದ ಒಂದು ಪುಸ್ತಕ ತೆಗೆದರು. ಹಸಿರು ರಟ್ಟು ನೋಡುತ್ತಲೇ ನನಗೆ ಗೊತ್ತಾಯಿತು. ನಿಮ್ಮದು ಅಪ್ಪಾ. ನಾನು ಓದಲು ಕಲಿತ ಮೇಲೆ ನಿಮ್ಮ ತೊಡೆಯ ಮೇಲೆ ಕೂತು ಹಾಳೆ ತಿರುವಿದ ಮೊದಲ ದೊಡ್ಡ ಪುಸ್ತಕ. ಗುರುತು ಹಾಕಿಟ್ಟ ಪುಟ ತೆರೆದು ನನ್ನ ಕೈಗೇ ಕೊಟ್ಟು, ಜೋರಾಗಿ ಓದಿ ಅಂದರು. ಓದಿದೆ. "ಸರ್ವೆ ತಂಡದೊಂದಿಗೆ ನಾನು ಬೆಟ್ಟದ ನೆತ್ತಿಯನ್ನೆಲ್ಲ ಸುತ್ತಿದೆ. ಬೆಟ್ಟದ ಮೇಲೆ ಯಾರೂ ಇರಲಿಲ್ಲ. ಇದ್ದ ಗುರುತೂ ಕಾಣಲಿಲ್ಲ." ಸರ್ಕಾರ ಬೆಟ್ಟ ವಶಕ್ಕೆ ತೆಗೆದುಕೊಂಡ ವರ್ಷವೇ ನೀವು ಹತ್ತಿದ್ದು. ಈ ಮಾತನ್ನು ಬರೆದವರು ಯಾರು ಮೇಡಂ ಅಂದರು. ನನ್ನ ತಂದೆ ಅಂದೆ. ಕಣ್ಣಾರೆ ಕಂಡ ತಂದೆಯ ಮಾತು ದೊಡ್ಡದೋ, ಆಗಿನ್ನೂ ಹುಟ್ಟೇ ಇರದ ಮಗಳ ಮಾತು ದೊಡ್ಡದೋ ಅಂದರು. ಪುಸ್ತಕ ಮುಚ್ಚಿ ಅವರ ಕೈಗೇ ವಾಪಸು ಕೊಟ್ಟೆ.

ಆ ಸಾಲು ಸುಳ್ಳು ಅಂತ ನನಗೆ ಮೊದಲೇ ಗೊತ್ತಿತ್ತು. ಇದನ್ನು ನಿಮಗೆ ಎದುರಿಗೇ ಹೇಳಬೇಕು ಅಂತ ಹೋದ ವರ್ಷ ಬಂದಿದ್ದೆ, ನೆನಪಿದೆಯಲ್ಲ? ಅಣ್ಣ ಆ ದಿನವೆಲ್ಲ ಪಕ್ಕದಿಂದ ಕದಲಲಿಲ್ಲ. ಅವನು ಸ್ನಾನಕ್ಕೆ ಹೋದಾಗ ಬೆಟ್ಟದ ಮಾತು ಎತ್ತಿದೆ. ನೀವು ಬಚ್ಚಲಮನೆಯ ಬಾಗಿಲು ನೋಡಿ, ನನ್ನ ಮುಖ ನೋಡಿ, "ಅದೆಲ್ಲ ಹಳೇ ಕಥೆ, ಬಿಡು. ಒಂದು ಲೋಟ ಕಾಫಿ ಮಾಡು" ಅಂದಿರಿ. ನಿಮಗೆ ನೋವಾಗಿದೆ ಅಂದುಕೊಂಡು ಎದ್ದುಹೋದೆ. ಹೆದರಿಕೆಯೂ ಇರಬಹುದು ಅಂತ ಆಗ ಹೊಳೆಯಲಿಲ್ಲ. ಆಗ ನುಂಗಿಕೊಂಡದ್ದನ್ನು ಈಗ ಬರೆಯುತ್ತಿದ್ದೇನೆ.

ಬೆಟ್ಟದಲ್ಲಿ ಒಬ್ಬ ಅಜ್ಜಿ ಇದ್ದಾಳೆ. ಹಲ್ಲೆಲ್ಲ ಹೋಗಿದೆ, ಬೆನ್ನು ಬಾಗಿದೆ, ನಾಲಿಗೆ ಮಾತ್ರ ಚಾಕುವಿನ ಹಾಗಿದೆ. ಮೊದಲ ಸಲ ನನ್ನನ್ನು ನೋಡಿದಾಗ ಇಷ್ಟು ಸಣ್ಣ ಕಾಲಿನಲ್ಲಿ ಇವಳು ಬೆಟ್ಟ ಹೇಗೆ ಹತ್ತಿದಳು, ಯಾರಾದರೂ ಹೊತ್ತುಕೊಂಡು ಬಂದರಾ ಅಂತ ಕೇಳಿದಳಂತೆ. ಅವಳ ಮಾತನ್ನು ಮೊಮ್ಮಗಳು ನನಗೆ ತಿಳಿಯುವ ಹಾಗೆ ಹೇಳುತ್ತಾಳೆ. ಅಜ್ಜಿ ಆಗ ಹುಡುಗಿ. ಪಕ್ಕದ ಬೆಟ್ಟದವರನ್ನು ಸರ್ಕಾರದವರು ಅದಾಗಲೇ ಲಾರಿಗೆ ತುಂಬಿ ಇಳಿಸಿಯಾಗಿತ್ತು. ನದಿಯ ಪಕ್ಕದ ತಗಡಿನ ಶೆಡ್ಡುಗಳಲ್ಲಿ ಅವರನ್ನು ಕೂಡಿಹಾಕಿದ್ದರು, ಜ್ವರ ಬಂದು ಮಕ್ಕಳು ಒಂದೊಂದಾಗಿ ಹೋಗುತ್ತಿದ್ದವು. ಆ ಸುದ್ದಿ ಬಂದದ್ದರಿಂದ ಕೆಳಗೆ ಬೂಟಿನ ಸದ್ದು ಕೇಳಿದರೆ ಇವರು ಒಲೆ ಆರಿಸಿ ಮರ ಹತ್ತಿಬಿಡುತ್ತಿದ್ದರು. ಒಂದು ದಿನ ಹಾಗೆ ಹತ್ತಿ ಕೂತಾಗ ಕನ್ನಡಕ ಹಾಕಿದ, ತೆಳ್ಳಗಿನ ಒಬ್ಬ ಮನುಷ್ಯ ಕರಿ ಕೊಡೆ ಊರಿಕೊಂಡು ಎಲ್ಲರಿಗಿಂತ ಮುಂದೆ ಬಂದನಂತೆ. ಇವರ ಒಲೆಯ ಹತ್ತಿರ ಕುಕ್ಕರುಗಾಲಲ್ಲಿ ಕೂತು ಬೂದಿಯ ಮೇಲೆ ಅಂಗೈ ಇಟ್ಟನಂತೆ. ಬೂದಿ ಇನ್ನೂ ಬಿಸಿ. ತಲೆ ಎತ್ತಿ ಮರಗಳನ್ನು ನೋಡಿದನಂತೆ. ಅಜ್ಜಿಯ ಕಣ್ಣೂ ಅವನ ಕಣ್ಣೂ ನೇರ ಸೇರಿದವಂತೆ.

ಹಿಂದೆ ಅಧಿಕಾರಿ, ಕಾವಲಿನವರು ಏದುಸಿರು ಬಿಡುತ್ತಾ ಬರುತ್ತಿದ್ದರು. ಆ ಮನುಷ್ಯ ಎದ್ದು ಕಾಲಿನಿಂದ ಒಲೆಯ ಮೇಲೆ ಮಣ್ಣು ತಳ್ಳಿ, ತಾನೇ ಅದರ ಮೇಲೆ ನಿಂತುಬಿಟ್ಟ. "ಇಲ್ಲೇನೂ ಇಲ್ಲ ಸ್ವಾಮಿ, ಕಾಡುಹಂದಿ ಕೆದಕಿದೆ" ಅಂದ. ಅವರೆಲ್ಲ ಹಿಂತಿರುಗಿದ ಮೇಲೆ ಮರೆತದ್ದೇನನ್ನೋ ತೆಗೆದುಕೊಳ್ಳುವವನ ಹಾಗೆ ಒಬ್ಬನೇ ವಾಪಸು ಬಂದು, ಕೈಚೀಲದಿಂದ ಬಿಸ್ಕತ್ತಿನ ಡಬ್ಬಿ ತೆಗೆದು ಬಂಡೆಯ ಮೇಲೆ ಇಟ್ಟು ಹೋದ. ಅಜ್ಜಿ ಅದಕ್ಕೂ ಮುಂಚೆ ಬಿಸ್ಕತ್ತು ತಿಂದಿರಲಿಲ್ಲವಂತೆ. ಆಮೇಲೆ ತಿಂದ ಯಾವ ಬಿಸ್ಕತ್ತೂ ಅಷ್ಟು ರುಚಿಯಾಗಿರಲಿಲ್ಲ, ಪೇಟೆಯವರಿಗೆ ಈಗ ಮಾಡಲಿಕ್ಕೇ ಬರುವುದಿಲ್ಲ ಅನ್ನುತ್ತಾಳೆ. ಬೆಟ್ಟದವರು ಇವತ್ತಿಗೂ ನಿಮ್ಮನ್ನು ಕೊಡೆಯಪ್ಪ ಅನ್ನುತ್ತಾರೆ. ಕೊಡೆಯಪ್ಪನ ಮಗಳು ನಾನೇ ಅಂತ ಗೊತ್ತಾದಾಗ ಅಜ್ಜಿ ನನ್ನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ಬಿಡಲಿಲ್ಲ.

ಪುಸ್ತಕದಲ್ಲೂ ಹಾಗೆಯೇ ಯಾಕೆ ಬರೆದಿರಿ ಅಂತ ನಾನು ಕೇಳುವುದಿಲ್ಲ. ಅಧಿಕಾರಿಗಳೂ ಪುಸ್ತಕ ಓದುತ್ತಾರೆ. ಆ ಒಂದು ಸಾಲು ಇದ್ದದ್ದರಿಂದ ಲಾರಿಗಳು ಆ ಬೆಟ್ಟಕ್ಕೆ ಬರಲಿಲ್ಲ. ಬೆಟ್ಟದವರೆಲ್ಲ ಉಳಿದುಕೊಂಡರು. ಈಗ ಅದೇ ಸಾಲನ್ನು ಹಿಡಿದು ಅವರನ್ನು ಕೆಳಗಿಳಿಸಲು ಹೊರಟಿದ್ದಾರೆ. ಅಜ್ಜಿ ಇಷ್ಟು ದಿನ ಕೋರ್ಟಿನಲ್ಲಿ ಬಾಯಿ ಬಿಡಲು ಒಪ್ಪಲೇ ಇಲ್ಲ. ನಮ್ಮನ್ನು ಉಳಿಸಿದವನನ್ನು ಸುಳ್ಳುಗಾರ ಅಂತ ಊರ ಮುಂದೆ ಹೇಳಲಾರೆ ಅಂದಳು. ಅದಕ್ಕೇ ನಮ್ಮ ವಕೀಲೆ ಅವಳ ಹೆಸರನ್ನು ಕೊಟ್ಟಿರಲಿಲ್ಲ. ಅಜ್ಜಿ ಸುಮ್ಮನೆ ಹಿಂದಿನ ಬೆಂಚಿನಲ್ಲಿ ಕೂತಿರುತ್ತಿದ್ದಳು, ಅಷ್ಟೆ.

ಇವತ್ತು ಬೆಳಿಗ್ಗೆ ಬೆಣ್ಣೆ ವಕೀಲರು ಮತ್ತೆ ಪುಸ್ತಕ ಎತ್ತಿದರು. ಸುತ್ತಿ ಬಳಸಿ ಮಾತು ಬೇಡ ಮೇಡಂ, ಹೌದು ಅಥವಾ ಇಲ್ಲ ಅಂತ ಹೇಳಿ, ನಿಮ್ಮ ತಂದೆ ಸುಳ್ಳು ಬರೆದರೇ ಅಂದರು. ಅಪ್ಪಾ, ಆ ಕ್ಷಣದಲ್ಲಿ ನಾನು ಯೋಚಿಸಿದ್ದು ನಕ್ಷೆಯನ್ನಲ್ಲ, ಬೆಟ್ಟವನ್ನೂ ಅಲ್ಲ. ವಾಚನಾಲಯದ ಬಾಗಿಲ ಮೇಲಿರುವ ನಿಮ್ಮ ಹೆಸರನ್ನು. ನಿಮ್ಮ ಪಾಠ ಓದಿ ಬೆಳೆದ ಮಕ್ಕಳನ್ನು. ಒಂದು ತಾರೀಕು ತಪ್ಪಾಗಿ ಬರೆದೆ ಅಂತ ಅಚ್ಚಾದ ಹಾಳೆಗಳನ್ನೆಲ್ಲ ವಾಪಸು ತರಿಸಿದ ನಿಮ್ಮನ್ನು. ಹೌದು ಅಂದೆ. ಯಾಕೆ ಬರೆದರು ಅಂತಲೂ ನನಗೆ ಗೊತ್ತು, ಕೇಳಿ ಅಂದೆ. ಅವರು ಕೇಳಲಿಲ್ಲ. ನಕ್ಕರು. ಅವರಿಗೆ ಬೇಕಾದದ್ದೂ ಅದೇ. ನ್ಯಾಯಾಧೀಶರ ಕಡೆ ತಿರುಗಿ, ತಂದೆಯ ಮಾತು ನಿಜವಾದರೆ ಬೆಟ್ಟ ಖಾಲಿ, ಸುಳ್ಳಾದರೆ ಈ ಮನೆತನದ ಇತಿಹಾಸವೇ ಬೇಕಾದ ಹಾಗೆ ಬದಲಾಗುವಂಥದ್ದು, ಮಗಳ ಮಾತನ್ನಾದರೂ ಹೇಗೆ ನಂಬುವುದು ಅಂದರು. ನಮ್ಮ ವಕೀಲೆ ಎದ್ದು ನನ್ನಿಂದ ಕಾರಣ ಹೇಳಿಸಿದರು. ಒಲೆಯ ಕಥೆಯನ್ನೆಲ್ಲ, ಕೊಡೆಯಪ್ಪ ಅನ್ನುವ ಹೆಸರಿನ ಸಮೇತ, ಹೇಳಿದೆ. ನ್ಯಾಯಾಧೀಶರು ಮೂಗು ಒರೆಸುವುದನ್ನು ನಿಲ್ಲಿಸಿ ಕೇಳಿದರು. ಮುಗಿದ ಮೇಲೆ, "ಇನ್ನೊಬ್ಬರು ಹೇಳಿದ್ದನ್ನು ಕೇಳಿ ನೀವು ಹೇಳ್ತಿದ್ದೀರಿ. ಅದನ್ನು ನಾನು ಸಾಕ್ಷಿ ಅಂತ ಬರ್ಕೊಳ್ಳೋಕೆ ಆಗಲ್ಲ. ಅವತ್ತು ಅಲ್ಲಿದ್ದವರು ಯಾರಾದರೂ ಬದುಕಿದ್ದಾರಾ?" ಅಂದರು.

ಇದ್ದಾರೆ, ಇಬ್ಬರು ಅಂದೆ. ಯಾರು ಅಂದರು. ನಿಮ್ಮ ಹೆಸರನ್ನೂ ಅಜ್ಜಿಯ ಹೆಸರನ್ನೂ ಹೇಳಿದೆ. ಬೇರೆ ದಾರಿ ಇರಲಿಲ್ಲ. ಸೋಮವಾರ ಇಬ್ಬರನ್ನೂ ಹಾಜರುಪಡಿಸಿ, ಅವರ ಮಾತು ಕೇಳಿಯೇ ತೀರ್ಪು ಅಂತ ನ್ಯಾಯಾಧೀಶರು ಬರೆಸಿದರು. ಗೆದ್ದೆವು ಅಂತಲೇ ನನಗೆ ಅನ್ನಿಸಿತು. ಅಷ್ಟರಲ್ಲಿ ಬೆಣ್ಣೆ ವಕೀಲರ ಪಕ್ಕ ಕೂತಿದ್ದ, ಇಷ್ಟು ದಿನ ಒಂದು ಕಾಗದವನ್ನೂ ಮುಟ್ಟದಿದ್ದ ದಪ್ಪ ಕುತ್ತಿಗೆಯ ಮನುಷ್ಯ ಎದ್ದು, ಹಿಂದೆ ತಿರುಗಿ ಬೆಂಚಿನಲ್ಲಿ ಕೂತ ಅಜ್ಜಿಯನ್ನು ಚೆನ್ನಾಗಿ ನೋಡಿಕೊಂಡು, ಫೋನು ತೆಗೆದುಕೊಂಡು ಹೊರಗೆ ಹೋದ.

ಹೊರಗೆ ಮೆಟ್ಟಿಲ ಹತ್ತಿರ ಬೆಣ್ಣೆ ವಕೀಲರು ತಾವಾಗಿಯೇ ಬಂದು ಮಾತಾಡಿಸಿದರು. "ಬೇಜಾರು ಮಾಡ್ಕೋಬೇಡಿ ಮೇಡಂ, ನಮ್ಮ ಕೆಲಸ ನೋಡಿ ಇದು. ನಿಮ್ಮ ತಂದೆಯವರು ಆರಾಮಾಗಿದ್ದಾರೆ. ಮೊನ್ನೆ ಅವರ ಬಾಲ್ಕನಿಯಲ್ಲೇ ಕೂತು ಕಾಫಿ ಕುಡಿದ್ವಿ. ಕೆಂಪು ಶಾಲು ಅವರಿಗೆ ಎಷ್ಟು ಚೆನ್ನಾಗಿ ಒಪ್ಪುತ್ತೆ." ನಿಮ್ಮ ಹತ್ತಿರ ಕೆಂಪು ಶಾಲು ಇರಲಿಲ್ಲ ಅಪ್ಪಾ. ಅದನ್ನು ಹೊದಿಸಿದವರು ಯಾರು? ಕೂಡಲೇ ಅಣ್ಣನಿಗೆ ಫೋನು ಮಾಡಿದೆ. ಕೋರ್ಟಿನ ವಿಷಯ ನಾನಿನ್ನೂ ಒಂದು ಮಾತೂ ಹೇಳಿರಲಿಲ್ಲ. "ಅಪ್ಪ ಮಲಗಿದ್ದಾರೆ. ನೀನು ತಲೆ ಕೆಡಿಸ್ಕೋಬೇಡ, ಸೋಮವಾರ ನಾನೇ ಕಾರಲ್ಲಿ ಕರ್ಕೊಂಡು ಬರ್ತೀನಿ" ಅಂದ. ಸೋಮವಾರ ಅಂತ ನಿನಗೆ ಹೇಳಿದವರು ಯಾರು ಅಂದೆ. "ಎಲ್ಲರಿಗೂ ಒಳ್ಳೆಯದಾಗೋ ಹಾಗೆ ನೋಡ್ತಿದ್ದೀನಿ ಕಣೇ, ನಿನಗೆ ಅರ್ಥ ಆಗಲ್ಲ" ಅಂತ ಫೋನು ಇಟ್ಟುಬಿಟ್ಟ.

ಗಣಿಯಿಂದ ಹೆದ್ದಾರಿಗೆ ಹಾಕುವ ರಸ್ತೆಯ ಕಂತ್ರಾಟು ಯಾರಿಗೆ ಸಿಕ್ಕಿದೆ ಅಂತ ನಮ್ಮ ವಕೀಲೆಯನ್ನು ಕೇಳಿದೆ. ಅವರು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸುತ್ತಾ ಅಣ್ಣನ ಹೆಸರು ಹೇಳಿದರು. ಚಿಕ್ಕಂದಿನಲ್ಲಿ ನನ್ನ ಪಾಲಿನ ಪೆಟ್ಟನ್ನೂ ತಾನೇ ತಿಂದವನು ಅಣ್ಣ. ಅವನು ಕೆಟ್ಟವನು ಅಂತ ಬರೆಯಲು ನನ್ನ ಕೈ ಏಳುವುದಿಲ್ಲ. ಆದರೆ ಅವನು ಈಗ ಯಾರ ಹಂಗಿನಲ್ಲಿದ್ದಾನೋ ಅವರಿಗೆ ನೀವು ಅವನ ಅಪ್ಪ ಅಲ್ಲ, ಸೋಮವಾರ ಬಾಯಿ ಬಿಡಬಾರದ ಒಬ್ಬ ಮುದುಕ.

ಈ ಕೋಣೆಯ ಕಿಟಕಿಯಿಂದ ಕೋರ್ಟಿನ ಹಿಂಬಾಗಿಲು ಕಾಣುತ್ತದೆ. ಎದುರಿನ ಝೆರಾಕ್ಸ್ ಅಂಗಡಿಯ ಮುಂದೆ ಮಧ್ಯಾಹ್ನದಿಂದ ಒಂದು ಬಿಳಿ ಕಾರು ನಿಂತಿದೆ, ಒಳಗಿನವರು ಇಳಿದಿಲ್ಲ. ಕೆಳಗೆ ಲೆಕ್ಕ ಬರೆಯುವ ಹೆಂಗಸು ಊಟದ ತಟ್ಟೆ ತಂದಾಗ, ನೀವು ಯಾವ ಕೋಣೆ ಅಂತ ನಿಮ್ಮ ಸಂಬಂಧಿಕರೊಬ್ಬರು ಕೇಳಿಕೊಂಡು ಹೋದರು ಅಂದಳು. ನನಗೆ ಈ ಊರಿನಲ್ಲಿ ಯಾವ ಸಂಬಂಧಿಕರು? ಕುರ್ಚಿಯನ್ನು ಬಾಗಿಲಿಗೆ ಅಡ್ಡ ಇಟ್ಟುಕೊಂಡು ಬರೆಯುತ್ತಿದ್ದೇನೆ. ನಗಬೇಡಿ.

ನಿಮ್ಮ ಹತ್ತಿರ ಕೇಳುವುದು ಇಷ್ಟೇ. ಸೋಮವಾರ ಬಂದು, ಬೂದಿ ಬಿಸಿಯಾಗಿತ್ತು ಅಂತ ಹೇಳಿ. ಒಂದು ಮಾತು. ಅದರಿಂದ ನಿಮ್ಮ ಹಸಿರು ರಟ್ಟಿನ ಪುಸ್ತಕಕ್ಕೆ ಏನಾಗುತ್ತದೆ ಅಂತ ನನಗೆ ಗೊತ್ತು, ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಪತ್ರಿಕೆಯವರು ನಾಳೆಯೇ ಶುರುಮಾಡುತ್ತಾರೆ. ಮಗಳು ಕೋರ್ಟಿನಲ್ಲಿ ಅಪ್ಪನನ್ನು ಸುಳ್ಳುಗಾರ ಅಂದಳು ಅಂತ ಓದಿದಾಗ ಮೊದಲು ಸಿಟ್ಟು ಬರಲಿ, ಪರವಾಗಿಲ್ಲ. ನಾನು ಆ ಮಾತನ್ನು ತಲೆ ತಗ್ಗಿಸಿ ಹೇಳಲಿಲ್ಲ ಅಂತ ಮಾತ್ರ ನೆನಪಿಟ್ಟುಕೊಳ್ಳಿ. ಕೋರ್ಟಿನಿಂದ ಹೊರಬಂದ ಮೇಲೆ ಅಜ್ಜಿ ಕೊನೆಗೂ ಒಪ್ಪಿದಳು. ಒಂದೇ ಷರತ್ತು. ಮೊದಲು ಕೊಡೆಯಪ್ಪನನ್ನು ನೋಡಬೇಕು, ಅವನು ಪಕ್ಕದಲ್ಲಿ ಕೂತಿದ್ದರೆ ಹೇಳುತ್ತೇನೆ ಅಂದಳು. ನಿಮಗೆ ಎಷ್ಟು ಹಲ್ಲು ಉಳಿದಿವೆ ಅಂತಲೂ ವಿಚಾರಿಸಿದಳು. ಸೋಮವಾರದವರೆಗೆ ಅವಳೂ ಮೊಮ್ಮಗಳೂ ಊರಾಚೆ ಪರಿಚಯದವರ ಮನೆಯಲ್ಲಿ ಇರುತ್ತಾರೆ.

ಅತ್ತಿಗೆಗೆ ನನ್ನ ನೆನಪು ಹೇಳಿ. ಅವರ ಮೇಲೆ ನನಗೆ ಏನೂ ಇಲ್ಲ. ಔಷಧಿ ಹೊತ್ತು ಹೊತ್ತಿಗೆ ತೆಗೆದುಕೊಳ್ಳಿ, ಆದರೆ ಅದು ನಿಮಗೆ ಪರಿಚಯದ ಮಾತ್ರೆಯೇ ಅಂತ ಒಮ್ಮೆ ನೋಡಿಕೊಳ್ಳಿ. ನಿಮ್ಮನ್ನು ನೋಡದೆ ಬಹಳ ದಿನವಾಯಿತು. ಸೋಮವಾರ ನೋಡುತ್ತೇನೆ ಅನ್ನುವ ಒಂದೇ ಧೈರ್ಯದಲ್ಲಿ ಈ ಹಾಳೆ ಮಡಚುತ್ತೇನೆ.

ಎಂದೆಂದಿಗೂ ನಿಮ್ಮ,
ಚಿಕ್ಕದು

ಮರೆಯುವ ಮುನ್ನ ಅಂತ ಅಲ್ಲ, ಈಗಷ್ಟೇ ತಿಳಿದದ್ದು: ಲಕೋಟೆ ಅಂಟಿಸುತ್ತಿದ್ದಾಗ ನಮ್ಮ ವಕೀಲೆ ಓಡಿಬಂದು ಬಾಗಿಲು ತಟ್ಟಿದರು. ಮೊಮ್ಮಗಳು ಔಷಧಿ ಅಂಗಡಿಗೆ ಹೋಗಿದ್ದಾಗ ಇಬ್ಬರು ಬಂದು, ಕೋರ್ಟಿನಿಂದ ಬಂದಿದ್ದೇವೆ, ಹೇಳಿಕೆ ಇವತ್ತೇ ಬರೆಸಬೇಕಂತೆ, ಕೊಡೆಯಪ್ಪನೂ ಅಲ್ಲೇ ಕಾಯುತ್ತಿದ್ದಾರೆ ಅಂತ ಹೇಳಿ ಅಜ್ಜಿಯನ್ನು ಕಾರಿನಲ್ಲಿ ಕೂರಿಸಿಕೊಂಡು ಹೋದರಂತೆ. ಕೊಡೆಯಪ್ಪನ ಹೆಸರು ಕೇಳಿ ತಾನೇ ಖುಷಿಯಾಗಿ ಹತ್ತಿ ಕೂತಳಂತೆ. ಕೋರ್ಟಿನವರು ಯಾರನ್ನೂ ಕಳಿಸಿಲ್ಲ. ಪೊಲೀಸರು ನಾಳೆ ಬನ್ನಿ ಅಂದರಂತೆ. ಕಿಟಕಿಯಿಂದ ನೋಡಿದೆ, ಬಿಳಿ ಕಾರು ಅಲ್ಲಿಲ್ಲ. ಈಗ ಉಳಿದವರು ನೀವೊಬ್ಬರು. ಇದನ್ನು ಅಂಚೆಗೆ ಹಾಕುವುದಿಲ್ಲ. ವಕೀಲೆಯ ಗಂಡ ತಾವೇ ಬೈಕಿನಲ್ಲಿ ತರುತ್ತಿದ್ದಾರೆ, ನನ್ನ ಅಕ್ಷರ ನಿಮಗೆ ಗೊತ್ತು, ಅವರನ್ನು ನಂಬಿ. ಓದಿದ ಕೂಡಲೇ ಅವರ ಜೊತೆ ಹೊರಟುಬಿಡಿ. ಬಟ್ಟೆ ಬೇಡ, ಏನೂ ಬೇಡ. ಅಣ್ಣ ಕೇಳಿದರೆ ಕೆಳಗೆ ಗೇಟಿನವರೆಗೆ ನಡೆದು ಬರುತ್ತೇನೆ ಅನ್ನಿ. ಅವನು ಅತ್ತರೂ, ನನ್ನ ಹೆಸರು ಹೇಳಿದರೂ, ನಾನೇ ಒಳಗೆ ಕೂತಿದ್ದೇನೆ ಅಂದರೂ, ಕಾರು ಮಾತ್ರ ಹತ್ತಬೇಡಿ ಅಪ್ಪಾ.